ಖಾಲಿ ಗುಡ್ಡಗಳನ್ನು ಹುಡುಕಿಕೊಂಡು

ಕಳೆದ ಸಂಕ್ರಾಂತಿಯ ಮಾರನೆಯ ಭಾನುವಾರ ಶಿಕಾಗೋ ಪಕ್ಕದ ಲೆಮಾಂಟಿನ ದೇವಸ್ಥಾನದಲ್ಲಿ ಬೂಟು ಬಿಚ್ಚಲು ಬಗ್ಗಿದ್ದೆ. ಪಕ್ಕದಲ್ಲಿದ್ದ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ನನ್ನ ಜಾಕೆಟನ್ನೇ ನೋಡುತ್ತಾ ಇದ್ದವಳು, "ಅಂಕಲ್, ಯು ಫರ್ಗಾಟ್ ಟು ಟೇಕ್ ಆಫ್ ದ ಟ್ಯಾಗ್ಸ್" ಎಂದಳು. ಅವಳಮ್ಮನಿಗೆ ಮುಜುಗರವಾಗಿ ಮಗಳ ಭುಜ ಹಿಡಿದು ಆಚೆ ಎಳೆದರು. ನಾನು ನೋಡಿಕೊಂಡೆ. ಜಾಕೆಟಿನ ಜಿಪ್ಪಿಗೆ ಸಿಕ್ಕಿಸಿದ ತಂತಿಗಳಲ್ಲಿ ನಾಲ್ಕೈದು ಕಾಗದದ ಚೀಟಿಗಳು ನೇತಾಡುತ್ತಿದ್ದವು. ಅಂಗಡಿಯ ಚೀಟಿಗಳಲ್ಲ ಅವು, ಸ್ಕೀ ಗುಡ್ಡದ ಲಿಫ್ಟಿನ ಟಿಕೆಟ್ಟುಗಳು. ಹಾಗೆಂದು ಹೇಳಿದಾಗ ಆ ತಾಯಿಯ ಮುಖದಲ್ಲಿ ಒಂದು ಗೌರವ ಮೂಡಿತು. ಈ ವಯಸ್ಸಿನಲ್ಲಿ, ಈ ಹೊಟ್ಟೆ ಇಟ್ಟುಕೊಂಡು ಸ್ಕೀ ಮಾಡುತ್ತಾರಲ್ಲ ಎಂದುಕೊಂಡಿರಬೇಕು. "ಎಲ್ಲಿ ಅಂಕಲ್, ಕೊಲರಾಡೋನಾ?" ಅಂದರು. ಇಲ್ಲಮ್ಮ, ಮಿಷಿಗನ್ನಿನ ಕಲಮಜೂ ಹತ್ತಿರ ಎಂದೆ. ಅಲ್ಲಿ ಬೆಟ್ಟ ಇದೆಯಾ ಎಂದು ಕೇಳಿದರು. ಇಲ್ಲ ಎಂದೆ. ಆ ಗೌರವ ಬಂದ ದಾರಿಯಲ್ಲೇ ವಾಪಸ್ ಹೋಯಿತು.

ನಿಜ ಹೇಳುತ್ತೇನೆ, ಅಲ್ಲಿ ಬೆಟ್ಟ ಇಲ್ಲ. ಇರುವುದು ಒಂದು ದಿಬ್ಬ. ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಬಂದು ನೋಡಿ, "ಅಪ್ಪಾ, ದಟ್ಸ್ ನಾಟ್ ಎ ಮೌಂಟನ್, ದಟ್ಸ್ ಎ ಸ್ಪೀಡ್ ಬಂಪ್" ಎಂದು ಹೇಳಿ, ಆಮೇಲೆ ತನ್ನ ಸ್ನೇಹಿತರ ಜೊತೆ ದೊಡ್ಡ ರೆಸಾರ್ಟುಗಳಿಗೇ ಹೋಗತೊಡಗಿದಳು. ತುದಿಯಿಂದ ಬುಡಕ್ಕೆ ಇನ್ನೂರು ಅಡಿ. ಇಳಿಯುವುದಕ್ಕೆ ಒಂದು ನಿಮಿಷ ಬೇಕು, ನನ್ನಂಥವನಿಗೆ ಮೂರು. ಅದರ ಹೆಸರನ್ನು ಮಾತ್ರ ಕೇಳಬೇಡಿ. ಹೇಳಿದರೆ ನೀವು ನಿಮ್ಮ ಅಕ್ಕತಂಗಿಯರ ಸಂಸಾರಗಳನ್ನೆಲ್ಲ ಕರೆದುಕೊಂಡು ಬರುತ್ತೀರಿ, ಅಲ್ಲಿಗೆ ಆ ಗುಡ್ಡದ ಕಥೆ ಮುಗಿಯುತ್ತದೆ. ಆ ಗುಡ್ಡದಲ್ಲಿರುವ ಒಂದೇ ಒಂದು ಸಂಪತ್ತೆಂದರೆ ಅಲ್ಲಿ ಜನ ಇಲ್ಲದಿರುವುದು.

ನಾನು ಮೈಸೂರಿನ ಸರಸ್ವತಿಪುರಂನವನು. ನನ್ನ ಬಾಲ್ಯದಲ್ಲಿ ಹಿಮ ಎಂದರೆ ಪಕ್ಕದ ಮನೆಯ ಪ್ರೊಫೆಸರರ ಫ್ರಿಜ್ಜಿನ ಮೇಲಂತಸ್ತಿನಲ್ಲಿ ಬೆಳೆಯುವ ವಸ್ತು. ತಿಂಗಳಿಗೊಮ್ಮೆ ಅವರ ಹೆಂಡತಿ ಅದನ್ನು ಮರದ ಸೌಟಿನಿಂದ ಕೆರೆದು ಕೆರೆದು ಸ್ಟೀಲ್ ಬೋಗುಣಿಗೆ ಹಾಕುವಾಗ ಬೀದಿಯ ಮಕ್ಕಳೆಲ್ಲ ಸಾಲಾಗಿ ಕೈ ಒಡ್ಡುತ್ತಿದ್ದೆವು. ಅಂಗೈ ಮೇಲೆ ಒಂದು ಹಿಡಿ ಬಿಳುಪು. ಅದಕ್ಕೆ ಸ್ವಲ್ಪ ಬೆಣ್ಣೆಯ ವಾಸನೆ, ಸ್ವಲ್ಪ ಹಿಂದಿನ ವಾರದ ಹುಳಿಯ ವಾಸನೆ. ತಿಂದುಬಿಡುತ್ತಿದ್ದೆವು. ಇವತ್ತಿಗೂ ಜನವರಿಯ ಮೊದಲ ಹಿಮ ನನ್ನ ತುಟಿಯ ಮೇಲೆ ಬಿದ್ದಾಗ ನಾಲಿಗೆ ಆ ಹುಳಿಯನ್ನು ಹುಡುಕುತ್ತದೆ. ಇಂಥ ಮನುಷ್ಯ ಕಾಲಿಗೆ ಎರಡು ಉದ್ದನೆ ಹಲಗೆ ಕಟ್ಟಿಕೊಂಡು ಇಳಿಜಾರಿನ ತುದಿಯಲ್ಲಿ ನಿಲ್ಲುವಂತಾಗಿದ್ದಕ್ಕೆ ಕಾರಣ ನಜೀರ್.

ನಜೀರ್ ಗದಗಿನವನು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ನಾವಿಬ್ಬರೂ ಹಾಸ್ಟೆಲಿನ ಒಂದೇ ರೂಮಿನಲ್ಲಿ ನಾಲ್ಕು ವರ್ಷ ಇದ್ದವರು. ಆಮೇಲೆ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಈ ದೇಶಕ್ಕೆ ಬಂದೆವು. ನಾನು ಶಿಕಾಗೋ ಹೊರವಲಯದ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಪ್ಯಾಕಿಂಗ್ ಯಂತ್ರಗಳನ್ನು ಮಾಡುವ ಕಾರ್ಖಾನೆ ಸೇರಿದೆ. ಅವನು ಡೆಟ್ರಾಯಿಟಿನ ಕಡೆ ಕ್ಯಾಂಟನ್‌ನಲ್ಲಿ ಮನೆ ಮಾಡಿಕೊಂಡು, ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ಕೆಲಸ ಹಿಡಿದ. ನಡುವೆ ಇನ್ನೂರ ಎಪ್ಪತ್ತು ಮೈಲಿ. ವರ್ಷಕ್ಕೊಮ್ಮೆ ಅವರು ಬರುವುದು, ಒಮ್ಮೆ ನಾವು ಹೋಗುವುದು ಎಂದು ಆರಂಭದಲ್ಲಿ ಇತ್ತು. ಮಕ್ಕಳ ಸಾಕರ್, ಪಿಯಾನೋ, ಹುಟ್ಟುಹಬ್ಬ ಎಂದು ಅದು ತಪ್ಪುತ್ತಾ ಬಂತು. ಆಗ ನಜೀರನೇ ಒಂದು ದಿನ ಫೋನ್ ಮಾಡಿ, ಚಳಿಗಾಲದ ರಜೆಯಲ್ಲಿ ಎರಡೂ ಮನೆಯವರು ಸ್ಕೀ ಮಾಡಲು ಹೋಗೋಣ, ಆಫೀಸಿನವರೆಲ್ಲ ಹೋಗುತ್ತಾರೆ, ನಾವೇನು ಕಡಿಮೆ ಎಂದ.

ಮೊದಲ ಸಲ ಹೋಗಿದ್ದು ಉತ್ತರದ ಒಂದು ದೊಡ್ಡ ರೆಸಾರ್ಟಿಗೆ. ಕ್ರಿಸ್‌ಮಸ್‌ನ ವಾರ. ಕಾರು ನಿಲ್ಲಿಸಿದ ಕಡೆಯಿಂದ ಗುಡ್ಡಕ್ಕೆ ಹೋಗಲು ಬಸ್ಸಿಗೆ ಕ್ಯೂ. ಬೂಟಿಗೆ ಕ್ಯೂ, ಲಿಫ್ಟಿಗೆ ಕ್ಯೂ, ಬಾತ್‌ರೂಮಿಗೆ ಆ ಎಲ್ಲಕ್ಕಿಂತ ಉದ್ದನೆಯ ಕ್ಯೂ. ಲಿಫ್ಟ್ ಎಂದರೆ ತಂತಿಗೆ ನೇತುಹಾಕಿದ ಕುರ್ಚಿಗಳ ಸಾಲು. ಅದು ನಿಲ್ಲುವುದಿಲ್ಲ, ಹಿಂದಿನಿಂದ ಬಂದು ಮಂಡಿಯ ಹಿಂಭಾಗಕ್ಕೆ ತಾಕುವಾಗ ನಾವೇ ಕೂತುಬಿಡಬೇಕು. ನಾನು ಕೂರುವ ಮುಂಚೆ ತಿರುಗಿ ನೋಡಿದೆ. ಮೈಸೂರಿನಲ್ಲಿ ಬೆಳೆದವನು, ಕುರ್ಚಿಯಲ್ಲಿ ಬೇರೆ ಯಾರಾದರೂ ಕೂತಿದ್ದಾರೇನೋ ನೋಡುವುದು ನಮ್ಮ ಸಂಸ್ಕಾರ. ಕುರ್ಚಿ ನನ್ನನ್ನು ನೆಲಕ್ಕೆ ಕೆಡವಿ ತಲೆಯ ಮೇಲೆ ಹಾದುಹೋಯಿತು. ಲಿಫ್ಟು ನಿಂತಿತು. ಗಾಳಿಯಲ್ಲಿ ನೇತಾಡುತ್ತಿದ್ದ ನೂರಾರು ಜನ ಕೆಳಗೆ ಬಗ್ಗಿ ನನ್ನನ್ನು ನೋಡಿದರು. ಚಾಮುಂಡಿ ಬೆಟ್ಟಕ್ಕಾದರೆ ಕಾಲಲ್ಲಿ ಹತ್ತಿ, ಬಸ್ಸಿನಲ್ಲಿ ಕೂತು ಇಳಿಯುತ್ತೇವೆ. ಈ ದೇಶದವರು ಕುರ್ಚಿಯಲ್ಲಿ ಹತ್ತಿ ಕಾಲಲ್ಲಿ ಇಳಿಯುತ್ತಾರೆ. ಮೊದಲಿನಿಂದಲೂ ನನಗೆ ಅನುಮಾನವಿತ್ತು.

ಆ ಸಂಜೆ ನಜೀರ್ ಬೂಟು ಕಳಚುತ್ತಾ, "ಇದು ಸಂತಿ ಆತಲೇ ಮುರಳ್ಯಾ. ಸಂತ್ಯಾಗ ನಿಂತು ಮಾತಾಡಾಕ ಆಗಂಗಿಲ್ಲ. ಸಣ್ಣದು ಯಾವುದಾದ್ರೂ ನೋಡೂಣು" ಎಂದ.

ಸಣ್ಣ ಗುಡ್ಡ ಹುಡುಕುವುದು ಒಂದು ವಿದ್ಯೆ ಎಂದು ಆಮೇಲೆ ಗೊತ್ತಾಯಿತು. ವೆಬ್‌ಸೈಟು ಅಂದವಾಗಿದ್ದರೆ ಅನುಮಾನಪಡಬೇಕು. ಅದರಲ್ಲಿ ಹೋದ ವರ್ಷದ ಹಿಮದ ವರದಿಯೇ ಇನ್ನೂ ಇದ್ದರೆ ಒಳ್ಳೆಯ ಲಕ್ಷಣ. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನದೆ ಮನುಷ್ಯರೇ ಎತ್ತಬೇಕು. ಎತ್ತಿದವರು "ಒಂದು ನಿಮಿಷ, ಹೊರಗೆ ನೋಡಿ ಹೇಳುತ್ತೇನೆ" ಎಂದು ಹೋಗಿ ಬಂದು, ಹಿಮ ಇದೆ ಎಂದರೆ ಇನ್ನೇನೂ ಕೇಳಬೇಕಾಗಿಲ್ಲ. ಕಾರು ನಿಲ್ಲಿಸಿದ ಜಾಗದಿಂದ ಲಿಫ್ಟು ಕಾಣಬೇಕು. ಮನೆಯ ಊಟ ತಂದು ತಿನ್ನಲು ಬಿಡಬೇಕು. ಇದು ನನ್ನ ಹೆಂಡತಿ ಸುಧಾಳ ಮತ್ತು ನಜೀರನ ಹೆಂಡತಿ ಶಾಹೀನಳ ಷರತ್ತು. ಅವರಿಬ್ಬರೂ ಸ್ಕೀ ಮುಟ್ಟಿದವರಲ್ಲ. ಬೆಂಕಿಗೂಡಿನ ಹತ್ತಿರದ ಮೇಜು ಹಿಡಿದು, ಒಂದು ಕಡೆ ಪುಳಿಯೋಗರೆ ಇನ್ನೊಂದು ಕಡೆ ಕೀಮಾ ಸಮೋಸ ಇಟ್ಟುಕೊಂಡು, ವರ್ಷದ ಮಾತನ್ನು ಒಂದು ದಿನದಲ್ಲಿ ಆಡಿ ಮುಗಿಸುವವರು. ಕೊನೆಯದಾಗಿ, ಗುಡ್ಡ ನಮ್ಮಿಬ್ಬರ ಊರಿಗೆ ನಡುಮಧ್ಯದಲ್ಲಿರಬೇಕು.

ಎಲ್ಲ ಷರತ್ತಿಗೂ ಒಪ್ಪಿದ್ದು ಕಲಮಜೂ ಹತ್ತಿರದ ಈ ದಿಬ್ಬ. ಮೊದಲ ಸಲ ಹೋದಾಗ ಹತ್ತು ಗಂಟೆಗೆ ಸಿಗೋಣ ಎಂದು ಮಾತಾಗಿತ್ತು. ನಾನು ಸರಿಯಾಗಿ ಹತ್ತಕ್ಕೆ ತಲುಪಿ ಗೆದ್ದೆ ಎಂದುಕೊಂಡರೆ, ನಜೀರ್ ಒಂದು ಗಂಟೆಯಿಂದ ಕಾಯುತ್ತಾ ನಿಂತಿದ್ದ. ಮಿಷಿಗನ್ನಿನ ಗಡಿಯಾರ ಶಿಕಾಗೋದ್ದಕ್ಕಿಂತ ಒಂದು ಗಂಟೆ ಮುಂದೆ ಎನ್ನುವುದನ್ನು ಮರೆತಿದ್ದೆ. ಇದು ಆಮೇಲಿನ ಎರಡು ವರ್ಷವೂ ಮರೆತುಹೋಯಿತು ಎಂದರೆ ನನ್ನ ಬುದ್ಧಿಯ ಬಗ್ಗೆ ನಿಮಗೊಂದು ಅಂದಾಜು ಸಿಗುತ್ತದೆ.

ಅಲ್ಲಿನ ಲಿಫ್ಟು ಹಳೆಯದು. ಇಬ್ಬರು ಕೂರುವ ಕುರ್ಚಿಗಳು, ಎತ್ತಿನ ಗಾಡಿಯ ವೇಗ. ಮೇಲೆ ಹೋಗಲು ಐದು ನಿಮಿಷ ಬೇಕು. ಆ ಐದು ನಿಮಿಷಕ್ಕಾಗಿಯೇ ನಾವು ಇನ್ನೂರ ಎಪ್ಪತ್ತು ಮೈಲಿಯನ್ನು ಅರ್ಧರ್ಧ ಹಂಚಿಕೊಂಡು ಬರುತ್ತಿದ್ದದ್ದು ಎಂದು ಈಗ ಅನ್ನಿಸುತ್ತದೆ. ದೊಡ್ಡ ರೆಸಾರ್ಟಿನ ಕುರ್ಚಿಯಲ್ಲಿ ಆರು ಜನ, ನಡುವೆ ಗುರುತಿಲ್ಲದವರು. ಇಲ್ಲಿ ಕಾಲ ಕೆಳಗೆ ಪೈನ್ ಮರದ ತುದಿಗಳು, ಪಕ್ಕದಲ್ಲಿ ನಜೀರ್, ಆಸುಪಾಸಿನಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲ. ಮನೆಯಲ್ಲಿ ಅವರು ಉರ್ದು ಆಡುತ್ತಾರೆ. ನಮ್ಮ ಜೊತೆ ಅವನಿಗೆ ಗದಗಿನ, ಶಾಹೀನಳಿಗೆ ಅವಳ ತವರು ರಾಣೆಬೆನ್ನೂರಿನ ಕನ್ನಡವೇ. ಅವನ ಅಪ್ಪ ತೀರಿಕೊಂಡಿದ್ದನ್ನು ನನಗೆ ಹೇಳಿದ್ದು ಆ ಕುರ್ಚಿಯ ಮೇಲೆ. ನನ್ನ ಕಾರ್ಖಾನೆಯಲ್ಲಿ ಅರ್ಧ ಜನರನ್ನು ತೆಗೆದಾಗ, ನನ್ನ ಸರದಿಯೂ ಬರಬಹುದು ಎಂದು ಸುಧಾಳಿಗೂ ಹೇಳದೆ ಅವನಿಗೆ ಹೇಳಿದ್ದೂ ಅಲ್ಲೇ.

ಲಿಫ್ಟಿನ ಬುಡದಲ್ಲಿ ಡೋನಾ ಎನ್ನುವ ಹೆಂಗಸು ನಿಂತಿರುತ್ತಿದ್ದರು. ಎಪ್ಪತ್ತರ ಹತ್ತಿರದವರು, ಮೊದಲು ಸ್ಕೂಲ್ ಬಸ್ ಓಡಿಸುತ್ತಿದ್ದವರು. ನನ್ನ ಅವಸ್ಥೆ ಮೊದಲ ದಿನವೇ ನೋಡಿ, ನಾನು ಬಂದಾಗಲೆಲ್ಲ ಕುರ್ಚಿಯನ್ನು ಕೈಯಿಂದ ಹಿಡಿದು ನಿಧಾನ ಮಾಡುತ್ತಿದ್ದರು. ನಜೀರ್ ನನ್ನ ಮೈಸೂರು ಕನ್ನಡವನ್ನು ಅಣಕಿಸಿ ನನಗೆ "ಕೂತ್ಕೊ" ಎಂದು ಕೂಗುವುದನ್ನು ಕೇಳಿ ಕೇಳಿ ಆ ಪದವನ್ನು ಕಲಿತುಬಿಟ್ಟರು. ಮೂರನೇ ವರ್ಷದ ಹೊತ್ತಿಗೆ ಅವರು ಮಿಷಿಗನ್ನಿನ ರೈತರಿಗೂ ಅವರ ಮಕ್ಕಳಿಗೂ "ಕುಟ್ಕೋ, ಕುಟ್ಕೋ" ಎನ್ನುತ್ತಿದ್ದರು. ಅವರೂ ಅದು ಸ್ಕೀ ಮಾಡುವವರ ಯಾವುದೋ ಪದವಿರಬೇಕೆಂದು ಕೂರುತ್ತಿದ್ದರು.

ಹೀಗೆ ಆರೇಳು ಚಳಿಗಾಲ ಕಳೆಯಿತು. ಮಕ್ಕಳು ಬರುವುದನ್ನು ಬಿಟ್ಟರು. ನಾವು ನಾಲ್ವರೇ ಉಳಿದೆವು.

ಅಂಥ ಒಂದು ವರ್ಷ ನಜೀರನಲ್ಲಿ ಏನೋ ವ್ಯತ್ಯಾಸ ಇತ್ತು. ಗುಡ್ಡದ ಬುಡದಲ್ಲಿ ಬೆಂಕಿಗೂಡು, ಮೇಜುಗಳಿರುವ ಲಾಡ್ಜಿನ ಮೆಟ್ಟಿಲಲ್ಲಿ ಮುಗ್ಗರಿಸಿ ಬೂಟಿನ ಮೇಲೆ ತಪ್ಪು ಹೊರಿಸಿದ. ಸುಧಾ ಪಕ್ಕದಿಂದ ಕಾಫಿ ಲೋಟ ಚಾಚಿದರೆ ಅದು ಗಾಳಿಯಲ್ಲೇ ನಿಂತಿತ್ತು. ಅವಳು ಹೆಸರು ಕರೆದ ಮೇಲೆಯೇ ಅವನು ತಿರುಗಿದ್ದು. ವಯಸ್ಸು ಎಂದುಕೊಂಡೆ. ನನಗೂ ಮಂಡಿ ಹೇಳಿದ ಮಾತು ಕೇಳುತ್ತಿರಲಿಲ್ಲ.

ಊಟಕ್ಕೆ ಮುಂಚಿನ ಇಳಿತ ಅದು. ನಜೀರ್ ಮುಂದೆ, ನಾನು ಹಿಂದೆ. ಬಲಗಡೆಯ ಅಂಚಿನಲ್ಲಿ ಕೆಂಪು ಟೋಪಿಯ ಪುಟ್ಟ ಹುಡುಗಿಯೊಬ್ಬಳು ಬಿದ್ದಿದ್ದಳು, ಅವಳಪ್ಪ ಬಗ್ಗಿ ಅವಳ ಬೂಟನ್ನು ಹಲಗೆಗೆ ಸಿಕ್ಕಿಸುತ್ತಿದ್ದ. ಬೆಳಕು ಚೆನ್ನಾಗಿತ್ತು. ನೂರು ಅಡಿ ಮೇಲಿನಿಂದ ನನಗೇ ಅವರು ಕಾಣುತ್ತಿದ್ದರು. ನಜೀರ್ ಬಲಕ್ಕೆ ತಿರುಗಿದವನು ಹಾಗೆಯೇ ಹೋದ, ನೇರ ಅವರ ಕಡೆಗೆ. ನಾನು ಕೂಗಿದೆ. ಅವನ ಹಲಗೆ ಆ ಮಗುವಿನ ಕೈಗವಸಿನ ಪಕ್ಕ ಒಂದು ಗೇಣಿನಲ್ಲಿ ಸರಿದುಹೋಯಿತು. ಆ ತಂದೆ ಎದ್ದುನಿಂತು ಬೈದ. ನಜೀರ್ ಕೆಳಗೆ ನಿಂತು, ಯಾರಿಗೆ ಬೈಯುತ್ತಿದ್ದಾನೆ ಎಂದು ಹುಡುಕುವವನಂತೆ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದ. ಅದನ್ನು ನೋಡಿದಾಗ ನನಗೆ ಹೊಳೆಯಿತು. ಅವನು ನಿರ್ಲಕ್ಷ್ಯ ಮಾಡಿದ್ದಲ್ಲ, ಅವನಿಗೆ ಆ ಮಗು ಕಂಡೇ ಇರಲಿಲ್ಲ.

ನಾನು ಆ ತಂದೆಯ ಹತ್ತಿರ ಕ್ಷಮೆ ಕೇಳಿ, ನಜೀರನನ್ನು ಕರೆದುಕೊಂಡು ಮತ್ತೆ ಲಿಫ್ಟಿನಲ್ಲಿ ಕೂತೆ. ಕುರ್ಚಿ ಮರಗಳ ಮೇಲೆ ಬಂದಾಗ, ಕಣ್ಣಿಗೆ ಏನಾಗಿದೆ ಎಂದು ಕೇಳಿದೆ.

"ಎರಡ ವರ್ಷ ಆತು" ಎಂದ. "ನಡುವ ಕಾಣಸ್ತೈತಿ. ಬಾಜೂಕ ಏನೂ ಇಲ್ಲ. ಪೈಪಿನ್ಯಾಗಿಂದ ನೋಡಿದಂಗ."

ಕಣ್ಣಿನ ಒಳಪರದೆ ಅಂಚಿನಿಂದ ಒಣಗುತ್ತಾ ಬರುವ ಕಾಯಿಲೆಯಂತೆ. ಹುಟ್ಟಿನಿಂದಲೇ ಬಂದಿದ್ದು, ಈಗ ತಲೆ ಎತ್ತಿದೆ. ಡಾಕ್ಟರು ಔಷಧಿ ಇಲ್ಲ ಎಂದಿದ್ದರಂತೆ. ಪೈಪು ವರ್ಷವರ್ಷಕ್ಕೂ ಸಣ್ಣದಾಗುತ್ತದೆ, ಎಷ್ಟು ಬೇಗ ಎಂದು ಯಾರಿಗೂ ಗೊತ್ತಿಲ್ಲ. ಶಾಹೀನಳಿಗೆ ಹೇಳಿದೆಯಾ ಎಂದೆ. ಇಲ್ಲ ಎಂದ. ಹೇಳಿದರೆ ಕಾರು ಓಡಿಸಲು ಬಿಡುವುದಿಲ್ಲ, ಆಫೀಸಿನಲ್ಲಿ ಗೊತ್ತಾದರೆ ಟ್ರ್ಯಾಕಿನ ಮೇಲೆ ಕಾರು ಪರೀಕ್ಷೆ ಮಾಡುವ ಕೆಲಸ ಹೋಗುತ್ತದೆ, ಇನ್ನೊಂದು ವರ್ಷ ಹೀಗೇ ನಡೆಯಲಿ ಎಂದ. ಆ ಬೆಳಿಗ್ಗೆ ಕ್ಯಾಂಟನ್ನಿನಿಂದ ಎರಡು ಗಂಟೆ ಹೈವೇಯಲ್ಲಿ ಶಾಹೀನಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸಿಕೊಂಡು ಬಂದಿದ್ದವನು ಅವನೇ. ನಾನು ಕಾರಿನ ಕೀ ಕೊಡು ಎಂದೆ. ಕೊಡುವುದಿಲ್ಲ ಎಂದ.

"ನೀ ಯಾರಿಗೂ ಹೇಳಂಗಿಲ್ಲ, ಮುರಳ್ಯಾ. ನಿನ್ನ ಮ್ಯಾಲೆ ನಂಬಿಕಿ ಐತಿ."

ಮೇಲೆ ತಲುಪಿದೆವು. ಇಳಿದೆವು. ಆ ಇಳಿತ ನನಗೆ ನೆನಪಿಲ್ಲ. ಕೆಳಗೆ ಬಂದಾಗ ಅವನು ಇನ್ನೊಂದು ಸುತ್ತು ಹೋಗೋಣ ಎಂದ. ನಾನು ಬಾತ್‌ರೂಮಿಗೆ ಹೋಗಿ ಬರುತ್ತೇನೆ ಎಂದು ಸುಳ್ಳು ಹೇಳಿ, ಸ್ಕೀ ಬೂಟಿನಲ್ಲೇ ಟಕಟಕ ಎನ್ನುತ್ತಾ ಲಾಡ್ಜಿನೊಳಗೆ ನಡೆದೆ. ಗುಟ್ಟು ಕಾಯುವುದರಲ್ಲಿ ನಾನು ಗಟ್ಟಿ ಎಂದು ನಾಲ್ಕು ಜನರೆದುರು ಕೊಚ್ಚಿಕೊಂಡವನು. ಅವತ್ತು ಒಂದು ಗುಟ್ಟು ನನ್ನ ಹತ್ತಿರ ಇದ್ದದ್ದು ಹದಿನೈದು ನಿಮಿಷ. ಬೆಂಕಿಗೂಡಿನ ಹತ್ತಿರ ಶಾಹೀನ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಸುಧಾಳ ಎದುರಿಗೇ ಎಲ್ಲವನ್ನೂ ಹೇಳಿದೆ.

ಶಾಹೀನ್ ಅಳಲಿಲ್ಲ. ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿ, ನಾಲ್ಕೂ ಕಡೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಒತ್ತಿದಳು.

"ಕಾರಿನ್ಯಾಗ ಬಾಜೂಕ ಕುಂತ್ರ ನನ್ನ ಕಡೆ ನೋಡೂದ ಬಿಟ್ಟಿದ್ರು" ಎಂದಳು. "ಮನಿಯಾಗೂ ಹಂಗ. ನನ್ನ ಮ್ಯಾಲೆ ಬ್ಯಾಸರಾಗೇತಿ ಅಂತ ತಿಳ್ಕೊಂಡಿದ್ದೆ, ಮುರಳಿಯವರ. ಎರಡ ವರ್ಷದಿಂದ ಹಂಗ ತಿಳ್ಕೊಂಡಿದ್ದೆ."

ಶಾಹೀನ್ ಎದ್ದು ಹೊರಗೆ ಹೋದಳು. ಕಿಟಕಿಯಿಂದ ನೋಡಿದೆ. ಲಿಫ್ಟಿನ ಹತ್ತಿರ ನಿಂತಿದ್ದ ನಜೀರನ ಎದುರಿಗೆ, ಅವನಿಗೆ ಕಾಣುವ ಕಡೆಯೇ, ಹೋಗಿ ನಿಂತಳು. ಉರ್ದುವಿನಲ್ಲಿ ಏನು ಮಾತಾಡಿಕೊಂಡರೋ ತಿಳಿಯದು. ನಜೀರ್ ಒಮ್ಮೆ ತಲೆಯೆತ್ತಿ ಲಾಡ್ಜಿನ ಕಿಟಕಿಯ ಕಡೆ ನೋಡಿದ. ಆಮೇಲೆ ಜೇಬಿನಿಂದ ಕೀ ತೆಗೆದು ಅವಳ ಕೈಯಲ್ಲಿಟ್ಟ. ನನ್ನ ಜೊತೆ ಒಂದು ಮಾತೂ ಆಡದೆ ಈ ದೇಶದಲ್ಲಿ ಕಾರು ಓಡಿಸುವವರು ಕೂರುವ ಎಡಬಾಗಿಲಿನ ಕಡೆ ನಡೆದವನು, ನಿಂತು, ಸುತ್ತಿಕೊಂಡು ಹೋಗಿ ಬಲಗಡೆ ಕೂತ.

ಆ ಚಳಿಗಾಲ ಅವನು ನನ್ನ ಫೋನ್ ಎತ್ತಲಿಲ್ಲ. ಮುಂದಿನ ಚಳಿಗಾಲವೂ ಎತ್ತಲಿಲ್ಲ. ಸುಧಾ ಮತ್ತು ಶಾಹೀನ್ ಮಾತಾಡಿಕೊಳ್ಳುತ್ತಿದ್ದರು, ಸುದ್ದಿ ಆ ದಾರಿಯಲ್ಲಿ ಬರುತ್ತಿತ್ತು. ಅವನು ಆಫೀಸಿನಲ್ಲಿ ತಾನೇ ಹೇಳಿದನಂತೆ. ಟ್ರ್ಯಾಕಿನಿಂದ ತೆಗೆದು ಮೇಜಿನ ಕೆಲಸ ಕೊಟ್ಟರಂತೆ. ಪರೀಕ್ಷೆಯ ವರದಿಗಳನ್ನು ಕಂಪ್ಯೂಟರು ಅವನಿಗೆ ಗಟ್ಟಿಯಾಗಿ ಓದಿ ಹೇಳುತ್ತದಂತೆ. ನಾನು ಮಾಡಿದ್ದು ಸರಿ ಎಂದು ಎಲ್ಲರೂ ಹೇಳಿದರು. ಸರಿ ಮಾಡಿದ್ದಕ್ಕೆ ಇಷ್ಟು ಕೆಟ್ಟದೆನ್ನಿಸಬಾರದಿತ್ತು. ಭಾನುವಾರಗಳಲ್ಲಿ ಗ್ಯಾರೇಜಿಗೆ ಹೋಗಿ ಸ್ಕೀ ಹಲಗೆಗಳ ಧೂಳು ಒರೆಸಿ, ಮತ್ತೆ ಗೋಡೆಗೆ ಒರಗಿಸಿ ಬರುತ್ತಿದ್ದೆ.

ಮೂರನೇ ಚಳಿಗಾಲ, ಡಿಸೆಂಬರಿನ ಒಂದು ಮಧ್ಯಾಹ್ನ, ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಮೊಸರನ್ನ ತಿನ್ನುತ್ತಿದ್ದಾಗ ಅವನ ಫೋನು ಬಂತು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.

"ಈ ಸರ್ತಿ ಯಾವ ಗುಡ್ಡ?" ಎಂದ.

ಚಮಚ ಕೆಳಗಿಟ್ಟೆ. ಬಾಯಲ್ಲಿ ಮೊಸರನ್ನ ಇದೆ ಎಂದು ನೆಪ ಹೇಳಿದೆ. ಅವನು ಕಾದ. ಆಮೇಲೆ ಅವನೇ ಹೇಳಿದ, "ನೀ ಹೇಳಿದ್ದಕ್ಕ ಸಿಟ್ಟ ಇರಲಿಲ್ಲಲೇ. ನಾ ಹೇಳಬೇಕಾದದ್ದನ್ನ ನೀ ಹೇಳಿದಿ. ಅದಕ್ಕ ಸಿಟ್ಟು. ಅದೂ ನನ್ನ ಮ್ಯಾಲೇನ."

ಪೈಪು ಈಗ ಹುಲ್ಲುಕಡ್ಡಿಯಷ್ಟಾಗಿದೆ ಎಂದ. ಆದರೆ ಕಣ್ಣು ಕಾಣದವರೂ ಸ್ಕೀ ಮಾಡುತ್ತಾರಂತೆ, ಹಿಂದೆ ಒಬ್ಬರು ದಾರಿ ಹೇಳುತ್ತಾ ಬರುತ್ತಾರಂತೆ, ಅದನ್ನು ಕಲಿಸುವವರೂ ಇದ್ದಾರಂತೆ. ನಾನು ಒಪ್ಪಿದೆ. ಒಪ್ಪಿದ ಮೇಲೆ ಹೆದರಿದೆ. ನನ್ನ ಸ್ಕೀ ವಿದ್ಯೆಯನ್ನು ನಂಬಿ ನನ್ನ ನೆರಳೂ ಇಳಿಯುವುದಿಲ್ಲ.

ಎರಡು ಶನಿವಾರ ಹೋಗಿ ಕಲಿತೆ. ನನಗೆ ಎಡಬಲದ ಗೊಂದಲ ಮೊದಲಿನಿಂದಲೂ ಇದೆ, ಸುಧಾ ಕಾರಿನಲ್ಲಿ ನನಗೆ "ನಿಮ್ಮ ಕಡೆ, ನನ್ನ ಕಡೆ" ಎಂದೇ ದಾರಿ ಹೇಳುವುದು. ಆದ್ದರಿಂದ ಅವಳು ನನ್ನ ಕೈಗವಸುಗಳ ಮೇಲೆ ಮಾರ್ಕರಿನಿಂದ ದೊಡ್ಡದಾಗಿ "ಎ" ಮತ್ತು "ಬ" ಎಂದು ಬರೆದುಕೊಟ್ಟಳು. ಇಂಗ್ಲಿಷಿನಲ್ಲಿ ಕೂಗುವುದೋ ಕನ್ನಡದಲ್ಲೋ ಎಂಬ ಚರ್ಚೆಯಾಯಿತು. ನಜೀರ್ ಕನ್ನಡ ಎಂದ. ಎಡ, ಬಲ, ನಿಲ್ಲು. ಪದಗಳು ಚಿಕ್ಕವು, ಮತ್ತೆ ಮಿಷಿಗನ್ನಿನಲ್ಲಿ ಬೇರೆ ಯಾರೂ ಅವನ್ನು ಕೂಗುವುದಿಲ್ಲ. ಇನ್ನೊಂದು ನಿಯಮವನ್ನು ಕಲಿಸಿದವರೇ ಹೇಳಿದ್ದರು. ಹಿಂದಿನ ದನಿ ನಿಂತರೆ ಮುಂದಿನವನು ಇದ್ದ ಜಾಗದಲ್ಲೇ ನಿಂತುಬಿಡಬೇಕು.

ಮೊದಲು ನಮಗೆ ಖಾಲಿ ಗುಡ್ಡ ಬೇಕಾಗಿದ್ದದ್ದು ಮಾತಿಗಾಗಿ. ಈಗ ಅದಿಲ್ಲದೆ ಆಗುತ್ತಲೇ ಇರಲಿಲ್ಲ. ಪಕ್ಕದಿಂದ ಯಾರಾದರೂ ನುಗ್ಗಿದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಡೋನಾಗೆ ಫೋನ್ ಮಾಡಿ ವಿಷಯ ಹೇಳಿದೆ. ಆ ಕಡೆ ಕ್ಯಾಲೆಂಡರಿನ ಹಾಳೆ ಮಗುಚುವ ಸದ್ದಾಯಿತು. ಆಮೇಲೆ, ರಜೆ ಮುಗಿದ ನಂತರದ ಮಂಗಳವಾರ ಬನ್ನಿ, ಶಾಲೆಗಳು ಶುರುವಾಗಿರುತ್ತವೆ, ಬಾಗಿಲು ತೆಗೆಯುವ ಹೊತ್ತಿಗೆ ಬಂದರೆ ಮಧ್ಯಾಹ್ನದವರೆಗೆ ಗುಡ್ಡ ನಿಮ್ಮದೇ ಎಂದರು.

ಹೋದೆವು. ಶಾಹೀನ್ ಕಾರು ಓಡಿಸಿಕೊಂಡು ಬಂದಳು. ಇಳಿಯುವಾಗ ನೋಡಿದೆ, ನಜೀರ್ ಅವಳ ಕಡೆಗೆ ಇಡೀ ತಲೆ ತಿರುಗಿಸಿ ಮಾತಾಡುತ್ತಿದ್ದ. ಅವನ ಕಣ್ಣು ಅವಳ ಮುಖವನ್ನು ಹುಡುಕಿಕೊಂಡು ಹೋಗಿ ಅಲ್ಲಿ ನಿಲ್ಲುತ್ತಿತ್ತು. ಡೋನಾ ಅವನಿಗೆ ಕಿತ್ತಳೆ ಬಣ್ಣದ ಮೇಲಂಗಿ ತೊಡಿಸಿದರು, ನನಗೂ ಒಂದು ಕೊಟ್ಟರು. ಕುರ್ಚಿಯನ್ನು ಪೂರ್ತಿ ನಿಲ್ಲಿಸಿ, ಮೆಲ್ಲಗೆ, "ಕುಟ್ಕೋ" ಎಂದರು.

ಮೊದಲ ಇಳಿತದಲ್ಲಿ ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಅರ್ಧ ದಾರಿಯಲ್ಲಿ ನಜೀರ್ ನಿಂತು, "ನನ್ನ ಕಣ್ಣು ಹೋಗ್ಯಾವು, ಕಿವಿ ಅಲ್ಲ" ಎಂದ. ಎರಡನೆಯದರಲ್ಲಿ ದನಿ ತಗ್ಗಿಸಿದೆ. ಐದಾರು ಸುತ್ತು ಕಳೆಯುವಷ್ಟರಲ್ಲಿ ನನ್ನ ಮಾತು ಮುಗಿಯುವ ಮೊದಲೇ ಅವನ ಸೊಂಟ ತಿರುಗತೊಡಗಿತು. ಹಿಮದ ಮೇಲೆ ಅವನು ಎಳೆಯುವ ಗೆರೆಯನ್ನು ನೋಡುತ್ತಾ ಹಿಂದೆ ಬರುತ್ತಿದ್ದೆ. ಫ್ಯಾರನ್‌ಹೀಟಿನ ಎಂಟು ಡಿಗ್ರಿ ಚಳಿ. ಗಾಳಿ ಇರಲಿಲ್ಲ.

ಆಗ ನಾನು ಬಿದ್ದೆ. ಯಾಕೆ ಬಿದ್ದೆ ಎಂದರೆ ನಾನು ನಾನೇ ಆಗಿದ್ದರಿಂದ. ಎಡಗಾಲಿನ ಹಲಗೆಯ ಮೇಲೆ ಬಲಗಾಲಿನ ಹಲಗೆ ಹತ್ತಿತು. ಬೆನ್ನ ಮೇಲೆ ಬಿದ್ದ ರಭಸಕ್ಕೆ ಎದೆಯ ಉಸಿರೆಲ್ಲ ಹೊರಗೆ ಹೋಯಿತು. ಬಾಯಿ ತೆರೆದರೆ ಶಬ್ದವಿಲ್ಲ. ಮಲಗಿದಲ್ಲಿಂದಲೇ ತಲೆ ಎತ್ತಿ ನೋಡಿದೆ. ನಜೀರ್ ನಿಂತಿದ್ದ. ನನ್ನಿಂದ ಐವತ್ತು ಅಡಿ ಕೆಳಗೆ, ಬಿಳಿ ಇಳಿಜಾರಿನ ನಡುವೆ ಒಬ್ಬನೇ. ತಲೆಯನ್ನು ನಿಧಾನವಾಗಿ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ತಿರುಗಿಸುತ್ತಿದ್ದ. ಆ ಹುಲ್ಲುಕಡ್ಡಿಯಷ್ಟು ನೋಟದಲ್ಲಿ ನಾನು ಸಿಗುತ್ತಿರಲಿಲ್ಲ.

"ಮುರಳ್ಯಾ" ಎಂದ.

ನನಗೆ ಉಸಿರು ಬರಲಿಲ್ಲ.

"ಮುರಳ್ಯಾ, ಎಲ್ಲಿದ್ದಿ?"

ಅವನ ದನಿ ಒಡೆದಿತ್ತು. ಹಾಸ್ಟೆಲಿನ ದಿನಗಳಿಂದ ಕೇಳಿದ ದನಿ ಅದು, ಆ ಹೆದರಿಕೆಯನ್ನು ಮಾತ್ರ ಅದರಲ್ಲಿ ಎಂದೂ ಕೇಳಿರಲಿಲ್ಲ. ಕೊನೆಗೂ ಉಸಿರು ಸಿಕ್ಕಿ, ಇಲ್ಲಿದ್ದೀನಿ ಕಣೋ, ಬಿದ್ದೆ, ಏನೂ ಆಗಿಲ್ಲ, ನೀನು ಅಲ್ಲೇ ಇರು, ನಾನೇ ಬರುತ್ತೇನೆ ಎಂದೆ. ಅವನು ಆಗಲೇ ಹಲಗೆಗಳನ್ನು ಅಡ್ಡಕ್ಕೆ ತಿರುಗಿಸಿ, ಮೆಟ್ಟಿಲು ಹತ್ತುವವನಂತೆ ಒಂದೊಂದೇ ಹೆಜ್ಜೆ ಮೇಲಕ್ಕೆ ಇಡತೊಡಗಿದ್ದ.

"ಮಾತಾಡಕೋಂತ ಇರು" ಎಂದ. "ನಿಲ್ಲಿಸಬ್ಯಾಡ."

ಏನು ಮಾತಾಡಲಿ? ಬಾಯಿಗೆ ಬಂದದ್ದನ್ನು ಹೇಳಿದೆ. ಎರಡು ಚಳಿಗಾಲ ಅವನಿಗೆ ಫೋನ್ ಮಾಡಿ ಎತ್ತದಿದ್ದಾಗ, ಕಡೆಗೆ ವಾಯ್ಸ್‌ಮೇಲಿನಲ್ಲಿ ಹೆಸರು ಹೇಳುವ ಅವನ ದನಿಯನ್ನಾದರೂ ಕೇಳಿ ಫೋನ್ ಇಡುತ್ತಿದ್ದೆ ಎಂದು ಹೇಳಿದೆ. ಗ್ಯಾರೇಜಿನಲ್ಲಿ ಧೂಳು ಒರೆಸಿದ್ದನ್ನು ಹೇಳಿದೆ. ಅವತ್ತು ಬಾತ್‌ರೂಮಿಗೆ ಹೋಗುತ್ತೇನೆ ಎಂದು ಸುಳ್ಳು ಹೇಳಿದ್ದು ಈಗಲೂ ಚುಚ್ಚುತ್ತದೆ, ನಿನ್ನ ಎದುರಿಗೇ ಹೇಳಿ ಒಳಗೆ ಹೋಗುವ ಧೈರ್ಯ ಇರಲಿಲ್ಲ ಎಂದು ಹೇಳಿದೆ. ಹಲಗೆ ಹಿಮಕ್ಕೆ ಕಚ್ಚುವ ಸದ್ದು, ಅವನ ಏದುಸಿರು, ಅಷ್ಟೇ ಹತ್ತಿರ ಬರುತ್ತಾ ಇತ್ತು. ಐವತ್ತು ಅಡಿ ಹತ್ತಲು ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಕೆಳಗೆ ಡೋನಾ ಲಿಫ್ಟನ್ನು ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಬರಲೇ ಎಂದು ಕೈ ಮಾಡಿದರು. ಬೇಡ ಎಂದು ನಾನೂ ಕೈ ಮಾಡಿದೆ.

ಅವನ ಸ್ಕೀ ಕೋಲಿನ ತುದಿ ನನ್ನ ಬೂಟಿಗೆ ತಾಗಿತು. ಅದನ್ನು ಎರಡು ಸಲ ಕುಟ್ಟಿ ನೋಡಿ, ಬಗ್ಗಿ, ಕೈಯಿಂದ ನನ್ನ ಮಂಡಿ, ಭುಜ, ಹೆಲ್ಮೆಟ್ಟು ಮುಟ್ಟಿ ಎಲ್ಲ ಇದೆಯೇ ಎಂದು ನೋಡಿಕೊಂಡ. ಆಮೇಲೆ ನನ್ನ ಪಕ್ಕದಲ್ಲೇ ಹಿಮದ ಮೇಲೆ ಕೂತ. ಇಬ್ಬರೂ ಹಾಗೇ ಕೂತಿದ್ದೆವು, ಕಾಲು ಚಾಚಿಕೊಂಡು, ಗುಡ್ಡದ ನಡುಮಧ್ಯದಲ್ಲಿ, ದೊಡ್ಡ ರೆಸಾರ್ಟಿನಲ್ಲಾದರೆ ಯಾರೂ ಕೂರಬಾರದಂಥ ಜಾಗದಲ್ಲಿ. ಅರ್ಧ ಗಂಟೆಯಾದರೂ ಆಗಿರಬೇಕು. ಮೇಲಿನಿಂದ ಯಾರೂ ಬರಲಿಲ್ಲ.